ಎರಡನೇ ಅರ್ಧ ಮೊದಲು

ನಮ್ಮ ಚಿಕ್ಕಮ್ಮ ತನ್ನ ಆಯುಷ್ಯದಲ್ಲಿ ಎಷ್ಟು ಜನ ಸತ್ತದ್ದನ್ನು ಕಣ್ಣಾರೆ ಕಂಡಿದ್ದಾಳೋ, ಅವರಲ್ಲಿ ಮುಕ್ಕಾಲು ಮಂದಿ ಸೋಮವಾರ ಬರುವಷ್ಟರಲ್ಲಿ ಎದ್ದು ಬಂದು ಹಾಡು ಹೇಳಿದ್ದನ್ನೂ ಕಂಡಿದ್ದಾಳೆ! ನೀವು ನಗುತ್ತೀರಿ. ಮಾಟಮಂತ್ರಗಳ ವಿರುದ್ಧ ಊರೂರು ತಿರುಗಿ ಭಾಷಣ ಮಾಡಿದವಳು, ದೆವ್ವ ಬಿಡಿಸುತ್ತೇನೆಂದು ಹೆಂಗಸರನ್ನು ಹೊಡೆಯುವವರ ಮೇಲೆ ದೂರು ಕೊಟ್ಟವಳು ನಾನು. ನನ್ನ ಬಾಯಲ್ಲೇ ಇಂಥ ಮಾತೇ ಎಂದು ಹುಬ್ಬೇರಿಸುತ್ತೀರಿ. ಸ್ವಲ್ಪ ತಾಳಿ. ಇದರಲ್ಲಿ ಪವಾಡವೇನೂ ಇಲ್ಲ. ಇರುವುದು ಒಂದು ಬಟ್ಟೆಯಂಗಡಿ, ಒಂದು ಟಾಕೀಸು, ಮತ್ತು ಒಂದು ಶುದ್ಧ ಅನ್ಯಾಯ.

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ. ಹುಟ್ಟಿದ್ದು ಮಡಕಶಿರಾ ಪಕ್ಕದ ಗುಡಿಬಂಡೆಯಲ್ಲಿ, ಕೊಟ್ಟದ್ದು ರಾಯದುರ್ಗಕ್ಕೆ. (ಹೆಣ್ಣನ್ನು ‘ಕೊಡುವುದು’ ಎಂಬ ಮಾತನ್ನು ನಾನು ಒಪ್ಪುವವಳಲ್ಲ. ಆದರೆ ಅವಳನ್ನು ಯಾರೂ ಕೇಳಿ ಕಳಿಸಿರಲಿಲ್ಲವಾದ್ದರಿಂದ ಬೇರೆ ಮಾತು ಬಳಸಿದರೆ ಸುಳ್ಳಾಗುತ್ತದೆ.) ಅವಳ ವಿಶೇಷವೇನೆಂದರೆ, ಯಾವ ಸಂಗತಿಯನ್ನೂ ಅವಳು ಮೊದಲಿನಿಂದ ಹೇಳುವುದಿಲ್ಲ. ಮದುವೆಯ ಕಥೆಯಾದರೆ ಎಂಜಲೆಲೆಯಿಂದ ಆರಂಭವಾಗಿ ಹೆಣ್ಣು ನೋಡಲು ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವಲ್ಲಿಗೆ ಮುಗಿಯುತ್ತದೆ. ಒಮ್ಮೆ ಬಾಗಿಲು ತೆರೆದವಳೇ, ನನ್ನ ಕೈಯ ಚೀಲ ಇಳಿಸಿಕೊಳ್ಳುವ ಮೊದಲೇ, “ಅದಕ್ಕ ನೋಡವ್ವ ಅವ್ನ ಕಾಲು ಮುರೀತು” ಎಂದಳು. ಯಾರ ಕಾಲು? ಯಾಕೆ ಮುರಿಯಿತು? ಕೇಳುವಂತಿಲ್ಲ. ಆಸ್ಪತ್ರೆ, ಆಟೋ, ಜನರ ಕೂಗಾಟ, ಎಲ್ಲ ಹಿಂದುಹಿಂದಾಗಿ ಬಂದು, ಆ ಮಹಾಶಯನು ಹುಣಸೆಮರದ ಮೊದಲ ಕೊಂಬೆಗೆ ಕೈ ಚಾಚುವಲ್ಲಿಗೆ ಅವಳು ನಿಲ್ಲಿಸಿದಳು.

“ಆಮೇಲೆ?” ಎಂದೆ.

“ಆಮ್ಯಾಲೇನು? ಬೀಳ್ತಾನ. ಹೇಳಿದ್ನಲ್ಲ!”

ನಾನು ಮಹಿಳಾ ಸಂಘಟನೆಯೊಂದರಲ್ಲಿ ಕೆಲಸ ಮಾಡುವವಳು. ಅನ್ಯಾಯಕ್ಕೊಳಗಾದವರ ಹೇಳಿಕೆಯನ್ನು ಬರೆದುಕೊಳ್ಳುವುದು ನನ್ನ ನಿತ್ಯದ ಕಾಯಕ. ಎಂದು, ಎಲ್ಲಿ, ಯಾರು, ಮೊದಲು ಏನಾಯಿತು, ಅನಂತರ ಏನಾಯಿತು. ಈ ಕ್ರಮ ತಪ್ಪಿದರೆ ಎದುರು ಪಕ್ಷದ ವಕೀಲ ನಮ್ಮನ್ನು ಹರಿದು ತಿನ್ನುತ್ತಾನೆ. ಕಾಲಕ್ರಮವೆಂಬುದು ಬಡವರ ಕೈಯಲ್ಲಿರುವ ದೊಣ್ಣೆ ಎಂದು ನಂಬಿದವಳು ನಾನು. ಚಿಕ್ಕಮ್ಮನ ಬಾಯಲ್ಲಿ ಆ ದೊಣ್ಣೆ ಕರಗಿದ ಬೆಲ್ಲವಾಗಿಬಿಡುತ್ತಿತ್ತು.

ಇಷ್ಟು ದಿನ ಇದು ನಗೆಯ ವಿಷಯವಾಗಿತ್ತು. ಈ ವರ್ಷ ಅಲ್ಲ.

ಅಮ್ಮ ತೀರಿಹೋಗಿ ವರ್ಷ ತುಂಬುತ್ತಿತ್ತು. ಗುಡಿಬಂಡೆಯಲ್ಲಿ ಸ್ಮರಣೆಯ ದಿನ ನೆಂಟರೂ ಊರವರೂ ಸೇರುವುದು, ಮಗಳಾದ ನಾನು ಅವಳ ಬಗ್ಗೆ ನಾಲ್ಕು ಮಾತಾಡುವುದು ಎಂದು ಗೊತ್ತಾಗಿತ್ತು. ಎಷ್ಟೋ ಮೈಕುಗಳ ಮುಂದೆ ನಿಂತವಳಿಗೆ ಇದೇನು ದೊಡ್ಡದು? ಆದರೆ ಕೂತು ಯೋಚಿಸಿದಾಗಲೆಲ್ಲ ನನ್ನ ಕಣ್ಣಿಗೆ ಬರುತ್ತಿದ್ದದ್ದು ಆಸ್ಪತ್ರೆಯ ಆ ಕೊನೆಯ ಮಂಚ ಒಂದೇ. ನೋವೆಂದಾಗ “ವಯಸ್ಸಾಯ್ತಲ್ಲಮ್ಮ” ಎಂದ ಡಾಕ್ಟರ ಮುಖ, ಮೂಗಿನ ನಳಿಗೆ, ಕಾಲಿನ ಊತ. ಅದರ ಹಿಂದಿನ ಅಮ್ಮ ಬರುತ್ತಲೇ ಇರಲಿಲ್ಲ. ಅಷ್ಟು ವರ್ಷಗಳ ಅಮ್ಮನನ್ನು ಆ ಮಂಚ ನುಂಗಿ ಕೂತಿತ್ತು. ಅವಳನ್ನು ಹುಡುಗಿಯಾಗಿ ಕಂಡವರಲ್ಲಿ ಉಳಿದಿದ್ದವಳು ಚಿಕ್ಕಮ್ಮ ಒಬ್ಬಳೇ. ಹೀಗಾಗಿ ಅಮ್ಮನ ಬದುಕನ್ನು ಹುಟ್ಟಿನಿಂದ ಹಿಡಿದು ಕ್ರಮವಾಗಿ ಹೇಳಿಸಿಕೊಳ್ಳಲೇಬೇಕೆಂದು ರಾಯದುರ್ಗದ ಬಸ್ಸು ಹತ್ತಿದೆ.

ಚಿಕ್ಕಮ್ಮನ ಓಣಿಯಲ್ಲಿ ಜೀನ್ಸ್ ಹೊಲಿಯುವ ಯಂತ್ರಗಳ ಗುಂಯ್‌ಗುಟ್ಟುವಿಕೆ ಮಧ್ಯಾಹ್ನದ ಬಿಸಿಲಿಗೇ ಸದ್ದು ಬಂದಂತೆ ಕೇಳುತ್ತದೆ. ಕೋಟೆಗುಡ್ಡದ ಕಡೆಯಿಂದ ಬರುವ ಗಾಳಿ ನಡುಮನೆಗೆ ಬರುವಷ್ಟರಲ್ಲಿ ಅರೆನಿದ್ದೆಗೆ ಜಾರಿರುತ್ತದೆ. ಅವಳು ಚಾಪೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಫೋನನ್ನು ರೆಕಾರ್ಡಿಗೆ ಹಾಕಿ ಮುಂದಿಟ್ಟೆ.

“ಹೇಳು ಚಿಕ್ಕಮ್ಮ. ಅಮ್ಮನ ಬಗ್ಗೆ. ಮೊದ್ಲಿಂದ.”

“ಆ ನರ್ಸ್ ಹುಡ್ಗಿ ಹಣಿ ಮ್ಯಾಲೆ ಕೈ ಇಟ್ಟು...”

“ಮೊದ್ಲಿಂದ ಅಂದೆ!”

“ಇದಾ ಸುರುವಾತು, ಇನ್ನೇನು ಮೊದ್ಲು? ತಡಿ, ಹಾಲು ಉಕ್ಕಿತು.”

ಎದ್ದು ಹೋದಳು. ಫೋನಿನಲ್ಲಿ ದಾಖಲಾದದ್ದು ಹಾಲಿನ ಪಾತ್ರೆಯ ಸದ್ದು.

ಇವಳು ಹೀಗಾಗಲು ಕಾರಣವಾದ ಅನ್ಯಾಯವನ್ನು ಈಗ ಹೇಳಿಬಿಡುವುದು ನನ್ನ ಕರ್ತವ್ಯ. ಅವಳ ಗಂಡನ ಮನೆಯವರದು ಬಟ್ಟೆಯಂಗಡಿ. ಅಂಗಡಿ ಮುಚ್ಚುವಂತಿಲ್ಲವಾದ್ದರಿಂದ ಗಂಡಸರು ಊಟಕ್ಕೆ ಸರದಿಯ ಮೇಲೆ ಬರುತ್ತಿದ್ದರು. ಮಾವನವರು ಬಂದು ಹೋದರೆ ದೊಡ್ಡ ಭಾವ, ಅವರು ಹೋದರೆ ಅವಳ ಗಂಡನಾದ ಚಿಕ್ಕಪ್ಪ, ಅನಂತರ ಅಳತೆ ಹಾಕುವ ಆಳು. ಒಬ್ಬೊಬ್ಬರಿಗೂ ರೊಟ್ಟಿ ಬಿಸಿಯಾಗಿಯೇ ಬೇಕು. ಕೊನೆಯವರು ಕೈ ತೊಳೆಯುವಷ್ಟರಲ್ಲಿ ಮ್ಯಾಟಿನಿಯ ಇಂಟರ್ವಲ್ ಗಂಟೆ ಹೊಡೆದಿರುತ್ತಿತ್ತು. ಸಿನಿಮಾಕ್ಕೆ ಹೋಗಬಾರದೆಂದು ಯಾರೂ ತಡೆದವರಲ್ಲ. “ಹೋಗ್ರಿ, ಬ್ಯಾಡಂದವ್ರು ಯಾರು?” ಎನ್ನುತ್ತಿದ್ದರಂತೆ ಮಾವನವರು ಹಲ್ಲುಕಡ್ಡಿ ಆಡಿಸುತ್ತ. ಬೀಗ ಹಾಕದ ಇಂಥ ಸೆರೆಮನೆಯ ಬಗ್ಗೆ ನಾನು ಎಷ್ಟು ಉಪನ್ಯಾಸ ಕೊಟ್ಟಿದ್ದೇನೆ! ಅಂತೂ ಶುಕ್ರವಾರ ಹೊಸ ಚಿತ್ರ ಬಂದರೆ ಶನಿವಾರ ಅವಳಿಗೆ ದಕ್ಕುತ್ತಿದ್ದದ್ದು ಎರಡನೇ ಅರ್ಧ ಮಾತ್ರ.

ಸೋಮವಾರ ಅಂಗಡಿಗೆ ರಜೆ. ಅಂದು ಗಂಡಸರೆಲ್ಲ ಪೂಜೆ ಮುಗಿಸಿ ಒಟ್ಟಿಗೇ ಉಂಡು ಮಲಗಿಬಿಡುತ್ತಿದ್ದರು. ಆಗ ಟಾಕೀಸಿಗೆ ಓಡಿದರೆ ತೆರೆಯ ಮೇಲೆ ಹೆಸರು ಬೀಳುವುದರಿಂದಲೇ ನೋಡಬಹುದಿತ್ತು. ಆದರೆ ನಿದ್ದೆ ತಿಳಿದೆದ್ದ ಗಂಡಸರಿಗೆ ಉಗ್ಗಾನಿ, ಬಜ್ಜಿ, ಚಹಾ ಎದುರಿಗಿರಬೇಕಲ್ಲ! ಮಂಡಕ್ಕಿ ನೆನೆಸಿ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಇಂಟರ್ವಲ್ಲಿಗೆ ಎದ್ದು ಬರಬೇಕಿತ್ತು. ಹೀಗೆ ರಾಯದುರ್ಗಕ್ಕೆ ಬಂದ ಅಷ್ಟೂ ಚಿತ್ರಗಳನ್ನು ನಮ್ಮ ಚಿಕ್ಕಮ್ಮ ಎರಡನೇ ಅರ್ಧವನ್ನು ಮೊದಲೂ ಮೊದಲನೇ ಅರ್ಧವನ್ನು ಆಮೇಲೂ ನೋಡಿದಳು. ಶನಿವಾರ ಗುಂಡೇಟಿಗೆ ಬಿದ್ದ ಅಣ್ಣ ಸೋಮವಾರ ತಂಗಿಗೆ ಉಯ್ಯಾಲೆ ತೂಗುತ್ತಿದ್ದ. ಗಲ್ಲಿಗೇರಿದ ಖಳ ಅಂಬೆಗಾಲಿಕ್ಕುತ್ತಿದ್ದ.

“ಸೋಮವಾರ ಮೊದಲನೇ ಅರ್ಧ ನೋಡಿ ಮಂಗಳವಾರ ಉಳಿದದ್ದು ನೋಡಬಹುದಿತ್ತಲ್ಲ?” ಎಂದು ನಾನೊಮ್ಮೆ ಜಾಣತನದಿಂದ ಕೇಳಿದ್ದೆ.

“ಶುಕ್ರವಾರ ಹೊಸಾ ಸಿನಿಮಾ ಬಂದೈತಂತ ಜಟಕಾದಾಗ ಕೂಗ್ಕೊಂಡು ಹೋಗ್ಯಾರ. ಸೋಮವಾರದ ತನಕ ಹೊಟ್ಟಿ ಹಿಡ್ಕೊಂಡು ಕೂಡ್ಲೇನು? ನೀ ಕೂಡ್ತಿದ್ದೀ?”

ಅವಳಿಗಿದ್ದ ವ್ಯಥೆ ಒಂದೇ. ಕೆಲವು ದರಿದ್ರ ಚಿತ್ರಗಳನ್ನು ಟಾಕೀಸಿನವರು ಭಾನುವಾರವೇ ಎತ್ತಿಬಿಡುತ್ತಿದ್ದರು. “ಪಾಪ, ಅವ್ರೆಲ್ಲ ಸತ್ತಂಗಾ ಉಳದ್ರು ನೋಡು. ಎಬ್ಬಸಾಕ ಯಾರೂ ಹೋಗ್ಲಿಲ್ಲ” ಎಂದು ಈಗಲೂ ನಿಟ್ಟುಸಿರಿಡುತ್ತಾಳೆ. ಆ ಟಾಕೀಸು ಇಂದು ಬಟ್ಟೆಯ ಗಂಟುಗಳ ಗೋದಾಮು. ಅದರ ಮುಂದೆ ಹಾದುಹೋಗುವಾಗ ಅವಳು ನಡಿಗೆ ನಿಧಾನಿಸುತ್ತಾಳೆ. ಒಳಗೆ ಇನ್ನೂ ಯಾರೋ ಬಿದ್ದಿದ್ದಾರೆ ಎಂಬಂತೆ.

ಹಾಲು ಇಳಿಸಿ ಬಂದವಳು ಅಮ್ಮನ ವಿಷಯವನ್ನು ಮತ್ತೆ ಎತ್ತಲಿಲ್ಲ. ನನಗೂ ಬೇರೊಂದು ಕೆಲಸವಿತ್ತು. ನಮ್ಮ ಸಂಘಟನೆಯಲ್ಲಿ ತಿಂಗಳಿಗೊಂದು ಚಿತ್ರ ನೋಡಿ ಚರ್ಚಿಸುವ ರೂಢಿ. ಆ ಸಲ ಆರಿಸಿದ್ದು ಹೊರದೇಶದ ಅಪರಾಧ ಚಿತ್ರ. ಅದು ಬಂದ ಮೇಲೆ ಲೋಕದ ಅರ್ಧ ನಿರ್ದೇಶಕರು ಕಥೆಯನ್ನು ನೇರವಾಗಿ ಹೇಳುವುದನ್ನೇ ಬಿಟ್ಟರಂತೆ. ಕೊಲೆಯ ನಡುವೆ ಹಾಸ್ಯ, ಹಾಸ್ಯದ ನಡುವೆ ಕೊಲೆ, ಘಟನೆಗಳೋ ಕಲಸಿಟ್ಟ ಇಸ್ಪೀಟೆಲೆಗಳು. ಹಿಂಸೆಯನ್ನು ವಿನೋದವಾಗಿಸುವ ಅಪಾಯವನ್ನು ಕುರಿತು ನಾನು ಮಾತಾಡಬೇಕಿತ್ತು. ನೋಡದೆ ಖಂಡಿಸುವುದು ನನ್ನ ತತ್ವವಲ್ಲ. ಚಿಕ್ಕಮ್ಮನ ಸೊಸೆ ಟೀವಿಯಲ್ಲಿ ಅದನ್ನು ಹುಡುಕಿ ಹಾಕಿಕೊಟ್ಟು ತನ್ನ ಹೊಲಿಗೆಗೆ ಹೋದಳು. ಸಿಕ್ಕಿದ್ದು ತೆಲುಗಿನ ಮಾತು ಕೂಡಿಸಿದ್ದು. ಕೋಟು ತೊಟ್ಟ ಬಿಳಿಯ ಕೊಲೆಗಡುಕರು “ಒರೇಯ್” ಎನ್ನುತ್ತ ಬಂದರು.

“ಇವ್ರು ಗೋದಾವರಿ ಕಡೇರೇನು?” ಎಂದಳು ಚಿಕ್ಕಮ್ಮ.

ಚಿತ್ರದಲ್ಲೊಬ್ಬ ದಪ್ಪನೆಯ ದಲ್ಲಾಳಿ. ಬಿಸಿಲಿರಲಿ ಮಳೆಯಿರಲಿ ಅವನ ಕೈಯಲ್ಲೊಂದು ಕೊಡೆ. ಅವನು ಬೆಂಚಿನ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತಿರುವಾಗ ಬಾಡಿಗೆ ಹಂತಕರಿಬ್ಬರು ಬಂದು ಗುಂಡು ಹೊಡೆದರು. ಅಷ್ಟರಲ್ಲಿ ಮಳೆ ಶುರುವಾಯಿತು. ಹೆಣವನ್ನು ಅಲ್ಲೇ ಬಿಟ್ಟು, ಆ ಕೊಡೆ ಯಾರಿಗೆ ಸೇರಬೇಕೆಂದು ಇಬ್ಬರೂ ಜಗಳಕ್ಕೆ ನಿಂತರು! ಚಿಕ್ಕಮ್ಮ ಶೇಂಗಾ ಸಿಪ್ಪೆ ಚೆಲ್ಲಾಪಿಲ್ಲಿಯಾಗುವಂತೆ ನಕ್ಕಳು. ನಾನು ಚಿತ್ರ ನಿಲ್ಲಿಸಿದೆ.

“ಚಿಕ್ಕಮ್ಮ, ಒಬ್ಬ ಮನುಷ್ಯ ಸತ್ತಿದ್ದಾನೆ. ಇದರಲ್ಲಿ ನಗೋದೇನಿದೆ?”

“ಯಾಕ ಅವಸರ ಮಾಡ್ತಿ? ಛತ್ರಿಯಪ್ಪ ಬರ್ತಾನ ತಡಿ.”

“ಸತ್ತವನು ಹೇಗೆ ಬರ್ತಾನೆ?”

“ಸೋಮವಾರ ಆಗ್ಲಿ.”

ಮುಂದೆ ನನಗೆ ಏನೂ ಹೊಂದಲಿಲ್ಲ. ಜೈಲಿನಲ್ಲಿದ್ದವನು ಮದುವೆಯಾಗುತ್ತಿದ್ದ, ವಿಧವೆಯಾದವಳು ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ನಾನು ಹಾಳೆಯ ಮೇಲೆ ಬಾಣದ ಗುರುತು ಹಾಕಿ ಹಾಕಿ ಸೋತೆ. ಚಿಕ್ಕಮ್ಮ ಮಾತ್ರ ತವರಿನ ಅಂಗಳದಲ್ಲಿ ಓಡಾಡುವವಳ ಹಾಗೆ ನಿರಾಳವಾಗಿದ್ದಳು. ಅಷ್ಟು ಉದ್ದದ ಚಿತ್ರದಲ್ಲಿ ಒಬ್ಬ ಹೆಂಗಸೂ ಇನ್ನೊಬ್ಬ ಹೆಂಗಸಿನೊಂದಿಗೆ ಒಂದು ಮಾತಾಡುವುದಿಲ್ಲ, ಇದು ಗಮನಿಸಬೇಕಾದ ದೋಷ ಎಂದೆ.

“ಅವ್ರು ಮಾತಾಡ್ಕೊಂಡಿದ್ರ ಇಷ್ಟು ಕೊಲಿ ಎಲ್ಲಿ ಆಗ್ತಿದ್ವು ಬಿಡು” ಎಂದಳು.

ಕೊನೆಗೆ ಛತ್ರಿಯಪ್ಪ ಬಂದ! ಅವನ ಸಾವಿಗೆ ಎಷ್ಟೋ ಹಿಂದಿನ ಒಂದು ದಿನ. ಅಂಗಡಿಯಲ್ಲಿ ನಿಂತು ಕೊಡೆ ಆರಿಸುತ್ತಿದ್ದಾನೆ. ಅಂಗಡಿಯವನು, ಇದು ನಿಮ್ಮ ಜೀವಮಾನಕ್ಕೆ ಸಾಕು ಎನ್ನುತ್ತಾನೆ. ದಪ್ಪ ಮನುಷ್ಯ ಸಂತೋಷದಿಂದ ಬೀದಿಗಿಳಿದು, ಚೆನ್ನಾಗಿ ಬಿಸಿಲಿದ್ದರೂ, ಕೊಡೆ ಬಿಚ್ಚಿ ನಡೆದುಹೋಗುತ್ತಾನೆ. ಅಲ್ಲಿಗೆ ಚಿತ್ರ ಮುಗಿಯಿತು. ಚಿಕ್ಕಮ್ಮ ಚಪ್ಪಾಳೆ ತಟ್ಟಿದಳು. ಆಮೇಲೆ ನನ್ನತ್ತ ತಿರುಗಿ ಕೇಳಿದಳು:

“ಏನವ್ವಾ, ಇದನ್ನ ತೆಗದಾವ್ನ ಮನ್ಯಾಗೂ ಬಟ್ಟಿ ಅಂಗಡಿ ಇತ್ತೇನು?”

ಲೋಕದ ವಿಮರ್ಶಕರು ಆ ಚಿತ್ರದ ಬಗ್ಗೆ ಏನೇನು ಬರೆದಿದ್ದಾರೋ ತಿಳಿಯದು. ಈ ಪ್ರಶ್ನೆಯನ್ನಂತೂ ಯಾರೂ ಎತ್ತಿರಲಾರರು!

ಬೆಂಚಿನ ಮೇಲೆ ಕೂತಲ್ಲೇ ಸತ್ತ ಛತ್ರಿಯಪ್ಪನಿಂದ ಅವಳಿಗೆ ತನ್ನ ಮಾವನವರು ನೆನಪಾದರು. ಎಂದಿನಂತೆ ನಡುವಿನಿಂದ ಎತ್ತಿಕೊಂಡಳು.

“ಆ ಬೊಮ್ಮನಹಾಳ್ ಮುದುಕಗ ಸಿಟ್ಟು ಬಂದ್ಬಿಡ್ತು. ‘ಯಾಕ್ರಿ ಸಾವ್ಕಾರ್ರ, ಗಿರಾಕಿ ಅಂದ್ರ ಇಷ್ಟು ಸಸಾರೇನ್ರಿ?’ ಅಂದ.”

“ಯಾರಿಗೆ ಅಂದ?”

“ಮಾವನೋರಿಗೆ.”

“ಅವರು ಏನಂದರು?”

“ಏನಂತಾರ? ಹೋಗಿ ಅರ್ಧ ದಿನ ಆಗಿತ್ತು!”

ಬಿಡಿಸಿ ಹೇಳಬೇಕೆಂದರೆ, ನಮ್ಮಲ್ಲಿ ತೀರಿಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಪಂಚೆ ಉಡಿಸಿ, ಹಾರ ಹಾಕಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಮಾವನವರು ಪಡಸಾಲೆಯಲ್ಲಿ ಹಾಗೆ ವಿರಾಜಮಾನರಾಗಿದ್ದರು. ಅತ್ತು ದಣಿದ ಹೆಂಗಸರು ನೀರು ಕುಡಿಯಲು ಒಳಗೆ ಹೋದ ಗಳಿಗೆ. ಸಾವಿನ ಸುದ್ದಿ ತಲುಪದ, ಕಣ್ಣು ಮಂಜಾದ ಮುದುಕನೊಬ್ಬ ಮೊಮ್ಮಗಳ ಮದುವೆ ಜವಳಿಗೆಂದು ಬೊಮ್ಮನಹಾಳಿನಿಂದ ಬಂದಿದ್ದ. ಅಂಗಡಿ ಮುಚ್ಚಿದ್ದನ್ನು ಕಂಡು ಮನೆಗೇ ಬಂದವನು ಎದುರಿಗೆ ಕೂತು, “ಏನ್ರಿ, ಹಾರ ಗೀರ! ಮಠದಾಗ ಸನ್ಮಾನ ಆತೇನ್ರಿ?” ಎಂದು ಆರಂಭಿಸಿದ. ಮಳೆ, ಬೆಳೆ, ಕಾಲುವೆ ನೀರು, ಎಲ್ಲ ಮಾತಾಡಿದ. ಬಾಗಿಲ ಮರೆಯಲ್ಲಿ ನಿಂತಿದ್ದವಳು ಚಿಕ್ಕಮ್ಮ ಒಬ್ಬಳೇ. ಮಾವನವರೆದುರು ಸೊಸೆ ಬಾಯಿ ಬಿಡಬಾರದೆಂಬುದು ಆ ಮನೆಯ ಕಟ್ಟುನಿಟ್ಟು. ಮಾವನವರೋ ಎದುರಿಗೇ ಇದ್ದಾರೆ! ಹೇಳುವುದೋ ಬಿಡುವುದೋ ತಿಳಿಯದೆ ಅವಳು ಸೆರಗು ಬಾಯಿಗೆ ತುರುಕಿಕೊಂಡಳು. ನಗು ತಡೆಯಲಾರದೆ ಮೈಯೆಲ್ಲ ಅದುರಿತು. ಅಷ್ಟರಲ್ಲಿ ಬಂದು ಅದನ್ನು ಕಂಡ ನೆಂಟರು ಈಗಲೂ ಹೇಳುತ್ತಾರಂತೆ: “ಸೊಸಿ ಅಂದ್ರ ಅಕಿ! ಮಾವಗ ಏನು ಅತ್ಲು, ಏನು ಅತ್ಲು!”

ಕಥೆಯನ್ನು ಅವಳು ಮುಗಿಸಿದ್ದು ಎಲ್ಲಿಗೆ ಗೊತ್ತೇ? ಅದೇ ಮಾವನವರು, ಅವಳು ಮದುವೆಯಾಗಿ ಬಂದ ಹೊಸತರಲ್ಲಿ, ಯಾರೂ ಕಾಣದಂತೆ ಅಂಗಡಿಯಿಂದ ಒಂದು ಹಸಿರು ಕುಪ್ಪಸದ ಬಟ್ಟೆ ತಂದು ಅಡುಗೆಮನೆಯ ಹೊಸ್ತಿಲ ಮೇಲಿಟ್ಟು, ಕೆಮ್ಮಿ, ಹೊರಟುಹೋದಲ್ಲಿಗೆ. ಆ ಮನುಷ್ಯನ ಮೇಲೆ ನಾನು ಹೊರಿಸಿದ್ದ ಆರೋಪಗಳು ಒಂದೂ ಬಿದ್ದುಹೋಗಿಲ್ಲ. ಆದರೂ ಆ ಕೆಮ್ಮು ಕಿವಿಯಲ್ಲಿ ಉಳಿಯಿತು.

ಬಿಸಿಲು ಬಾಗಿಲು ದಾಟಿ ಚಾಪೆಯ ಅಂಚಿಗೆ ಬಂದಿತ್ತು. ಓಣಿಯ ಯಂತ್ರಗಳು ಚಹಾದ ಹೊತ್ತೆಂದು ಒಂದೊಂದಾಗಿ ನಿಂತವು. ನಾನು ಮತ್ತೆ ಫೋನು ಒತ್ತಿದೆ. ಈ ಸಲ ‘ಮೊದಲಿನಿಂದ’ ಎನ್ನಲಿಲ್ಲ.

“ಹೇಳು ಚಿಕ್ಕಮ್ಮ.”

ಅವಳು ಆಸ್ಪತ್ರೆಯಿಂದಲೇ ಹಿಡಿದಳು. ಹಣೆಯ ಮೇಲೆ ಕೈಯಿಟ್ಟ ಆ ನರ್ಸು, ಕೊನೆಯ ಗುಟುಕು, ಅದೆಲ್ಲವನ್ನೂ ರಾಯದುರ್ಗದ ಮಾತಿನಲ್ಲಿ, ನಿಲ್ಲದೆ ಹೇಳಿದಳು. ನಾನು ಕಣ್ಣು ಮುಚ್ಚಿದೆ. ಅದು ಮುಗಿಯಿತು, ಅವಳು ಇನ್ನೂ ಹೇಳುತ್ತಿದ್ದಳು. ಅಮ್ಮ ನನ್ನ ಮೊದಲ ಮೆರವಣಿಗೆಯ ಫೋಟೋವನ್ನು ಬೀದಿಗೆಲ್ಲ ತೋರಿಸಿದ್ದು. ನಾನು ಹುಟ್ಟಿದಾಗ ಹೆಣ್ಣೆಂದು ಮುಖ ತಿರುಗಿಸಿದವರಿಗೆ ಬಾಣಂತಿಯೇ ಎದ್ದು ಸಕ್ಕರೆ ಹಂಚಿದ್ದು. ಹಿಂದೆ ಹೋದಂತೆಲ್ಲ ಚಿಕ್ಕಮ್ಮನ ಮಾತಿನಿಂದ ರಾಯದುರ್ಗ ಒಂದೊಂದೇ ಎಳೆ ಕಳಚಿಕೊಂಡಿತು. “ಐತಿ” ಹೋಗಿ “ಐತೆ” ಬಂತು, “ಅಂದ್ಲು” ಬಂತು, “ಕಣಮ್ಮ” ಬಂತು. ನನ್ನೆದುರಿಗೆ ಗುಡಿಬಂಡೆಯ ಹುಡುಗಿಯೊಬ್ಬಳು ಕೂತಿದ್ದಳು.

“ನನ್ ಮದ್ವೆ ಆದ ವರ್ಸ ಅಕ್ಕ ನನ್ನ ನೋಡಾಕೆ ರಾಯದುರ್ಗಕ್ಕೆ ಬಂದ್ಲು. ಅವ್ಳು ಅವತ್ತಿನ್ ತಂಕ ಸಿನ್ಮಾನೇ ನೋಡಿರ್ಲಿಲ್ಲ ಕಣಮ್ಮ. ಸೋಮವಾರ ಇತ್ತು, ಕರ್ಕಂಡ್ ವೋದೆ. ಕಂಡಕ್ಟ್ರು, ಮಲ್ಲಿಗೆ ಮಾರೋ ಹುಡ್ಗಿ...”

ನಾನು ಕಣ್ಣು ತೆರೆದೆ.

“ಪೂರಾ ಬಾಯ್ ಬಿಟ್ಕಂಡು ಕುಂತಿದ್ಲು. ಇಬ್ರಿಗೂ ಮದ್ವೆ ಆಯ್ತು, ದೋಣಿ ಒಳಗೆ ಹಾಡು ಬಂತು, ಲೈಟ್ ಹಾಕುದ್ರು. ನಾನು ಉಗ್ಗಾನಿಗೆ ವೋಗ್ಬೇಕಲ್ಲ. ‘ಏಳಕ್ಕ’ ಅಂದೆ. ‘ಮುಗೀತೇನೆ?’ ಅಂದ್ಲು. ‘ಊಂ, ಮುಗೀತು’ ಅಂದ್ಬಿಟ್ಟೆ.”

“ಸುಳ್ಳು ಹೇಳಿದೆಯಾ?”

“ಇನ್ನೇನ್ಮಾಡ್ಲಿ? ಶನಿವಾರನೇ ನೋಡಿದ್ನಲ್ಲ ನಾನು. ಮುಂದಕ್ಕೆ ಆ ಹುಡ್ಗಿ ಸಾಯ್ತಾಳೆ. ಅಷ್ಟ್ ದೂರದಿಂದ ಬಂದವ್ಳೆ, ಮೊದುಲ್ನೇ ಸಿನ್ಮಾ, ಅಕ್ಕಂಗೆ ಅದನ್ನ ಯಾಕೆ ತೋರುಸ್ಲಿ?”

ಆ ಕಥೆ ನನಗೆ ಗೊತ್ತಿತ್ತು! ಕಂಡಕ್ಟರನೂ ಮಲ್ಲಿಗೆಯ ಹುಡುಗಿಯೂ. ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಅಮ್ಮ ಅದನ್ನು ಎಷ್ಟು ಸಲ ಹೇಳಿದ್ದಳು! ಕತ್ತಿಯ ಸದ್ದು, ಹಸಿ ಸೊಪ್ಪಿನ ವಾಸನೆ, ದೋಣಿಯ ಹಾಡಿಗೆ ಬಂದಾಗ ಕೈ ನಿಲ್ಲಿಸಿ ನಾಚಿಕೊಂಡು ಎರಡು ಸಾಲು ಗುನುಗುತ್ತಿದ್ದ ಅಮ್ಮ. “ಆಮೇಲೆ?” ಎಂದು ನಾನು ಕೇಳಿದರೆ, “ಆಮೇಲೇನಮ್ಮ, ಸುಖವಾಗವ್ರೆ” ಎಂದು ನನ್ನ ಗಲ್ಲಕ್ಕೆ ಹಸಿರು ಬೆರಳು ಒತ್ತುತ್ತಿದ್ದ ಅಮ್ಮ. ಒಂದು ವರ್ಷ ಎಲ್ಲಿದ್ದಳು ಇವಳು? ಮಂಚದ ಹಿಂದೆ ಇಷ್ಟು ಹತ್ತಿರದಲ್ಲೇ ಕೂತಿದ್ದಳೇ?

ಅರ್ಧ ಸಿನಿಮಾ ನೋಡಿ ಇಡೀ ಆಯುಷ್ಯ ಅದು ಸುಖಾಂತವೆಂದೇ ನಂಬಿ ಹೋದಳು ನನ್ನ ತಾಯಿ. ಹೆಂಗಸರ ಪಾಲಿನ ಉಳಿದರ್ಧವನ್ನು ಬಜ್ಜಿಯ ಬಾಣಲೆಗೆ ಹಾಕಿದ ವ್ಯವಸ್ಥೆಗೆ ನಾನು ಋಣಿಯಲ್ಲ; ಅದು ಅಂದೂ ಅನ್ಯಾಯ, ಇಂದೂ ಅನ್ಯಾಯ. ನಾನು ಋಣಿಯಾಗಿರುವುದು ಆ ಸುಳ್ಳು ಹೇಳಿದವಳಿಗೆ.

“ಆಮೇಲೆ?” ಎಂದೆ.

“ಈಚೆಗೆ ಬಂದ್ವಿ. ಒಳಗೆ ಕತ್ಲು, ಈಚೆಗೆ ಉರಿಬಿಸ್ಲು. ಅಕ್ಕ ಹಣೆಗೆ ಕೈ ಅಡ್ಡ ಹಿಡ್ಕಂಡು ನಿಂತ್ಕಂಡ್ಲು. ‘ಎಷ್ಟ್ ಚೆನ್ನಾಗಿತ್ತಲ್ಲೇ!’ ಅಂದ್ಲು. ಅಷ್ಟೇ.”

“ಅಷ್ಟೇನಾ? ಮುಂದೆ?”

“ಮುಂದೇನೈತೆ? ಆಸ್ಪತ್ರೆ ಆಗ್ಲೇ ಬಂದೋತಲ್ಲ ಕಣಮ್ಮ” ಎಂದಳು ಚಿಕ್ಕಮ್ಮ, ಮಡಿಲ ಸಿಪ್ಪೆ ಕೊಡವುತ್ತ.

ಸ್ಮರಣೆಯ ದಿನ ಗುಡಿಬಂಡೆಯ ಅಂಗಳದಲ್ಲಿ ಚಪ್ಪರ ಹಾಕಿದ್ದರು. ನಾನು ಆಸ್ಪತ್ರೆಯಿಂದ ಆರಂಭಿಸಿದೆ. ಜನ ತಲೆ ತಗ್ಗಿಸಿದರು. ಅನಂತರ ಹಿಂದೆ ಹಿಂದೆ ನಡೆಯುತ್ತ, ಸೊಪ್ಪು ಹೆಚ್ಚುವ ಕೈಗಳನ್ನು ದಾಟಿ, ಸಕ್ಕರೆ ಹಂಚಿದ ಬಾಣಂತಿಯನ್ನು ದಾಟಿ, ಟಾಕೀಸಿನ ಬಾಗಿಲಲ್ಲಿ ಹಣೆಗೆ ಕೈ ಅಡ್ಡ ಹಿಡಿದು ನಗುತ್ತ ನಿಂತ ಹುಡುಗಿಯನ್ನು ತಲುಪಿದೆ. “ಎಷ್ಟ್ ಚೆನ್ನಾಗಿತ್ತಲ್ಲೇ!” ಎಂದು ಹೇಳಿ, ಮೈಕನ್ನು ಕೆಳಗಿಟ್ಟೆ.

ಮಾತು ಇನ್ನೂ ಇದೆಯೆಂದು ಜನ ಕಾದು ಕೂತರು. ಆಗ ಮುಂದಿನ ಸಾಲಿನಲ್ಲಿದ್ದ ಚಿಕ್ಕಮ್ಮ ಸೆರಗು ಸರಿಪಡಿಸಿಕೊಂಡು, ಲೈಟು ಹಾಕಿದಾಗ ಏಳುವವರಂತೆ ಎದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದು, ಹಣೆಗೆ ಕೈ ಅಡ್ಡ ಹಿಡಿದು, ಬಿಸಿಲಿಗೆ ಬಂದರು.